ನಾಲ್ಕು ಕಾಲಂ

ಬ್ಲೇಡನ್ನು ಹಾಗೆ ಒತ್ತಬೇಡ ಮೊಯ್ನಾ,
ಇದು ಕೊತ್ತಂಬರಿ ಸೊಪ್ಪಲ್ಲ.
ಕಾಯಿಯ ಹೊಕ್ಕುಳು ಮೇಲೆ ಬರಲಿ. ನೋಡು,
ನಟ್ಟನಡುವೆ ಗುಂಡುಸೂಜಿ ಚುಚ್ಚಿದಂಥ ತೂತು,
ತೂತಿನ ಬಾಯಲ್ಲಿ ಚೂರು ಹಿಟ್ಟು.
ಹಿಟ್ಟಿದ್ದರೆ ಒಳಗೆ ಯಾರೋ ಇದ್ದಾರೆ,
ಬೀಸುಕಲ್ಲಿನ ಮನೆಯೂ ಹಾಗೇ ತಾನೆ.

ತುಲಾ ಸಂಕ್ರಮಣ ಕಳೆದು ಒಂಬತ್ತು ದಿನ.
ಅಮ್ಮತ್ತಿ ಕಡೆಯ ಈ ರೊಬಸ್ಟಾ ಇನ್ನೂ ಹಸಿರು ಬಿಟ್ಟಿಲ್ಲ.
ಬ್ಲಾಕಿಗೆ ನೂರು ಕಾಯಿ ಸೀಳಿ ಅಂದಿದ್ದಾರೆ ಸಾಹುಕಾರರು:
ಮೊಟ್ಟೆ, ಮರಿಹುಳು, ಕೋಶ, ದುಂಬಿ,
ನಾಲ್ಕು ಕಾಲಂ, ಸಂಜೆಯೊಳಗೆ.
ನನ್ನ ಕಣ್ಣು ಈ ವರ್ಷ ನನ್ನ ಮಾತು ಕೇಳುತ್ತಿಲ್ಲ;
ಹಾಜರಿ ಪುಸ್ತಕದಲ್ಲಿ ಮೂರನ್ನು ಎಂಟು ಮಾಡಿ
ಮೇಸ್ತ್ರಿಯ ಕೈಲಿ ಬೈಸಿಕೊಂಡೆ.
ಅದಕ್ಕೇ ಕಳೆ ತೆಗೆಯುವ ಸಾಲಿನಿಂದ ನಿನ್ನನ್ನು ಕರೆಸಿದ್ದು.
ಕನ್ನಡ ಹೇಳಿಕೊಡಿ ಅಂತ ನೀನೇ ಕೇಳಿದ್ದೆಯಲ್ಲ,
ಬಾ, ಎರಡೂ ಒಟ್ಟಿಗೆ ಆಗಲಿ.

ಇದು ಮೊಟ್ಟೆ. ಕಂಡಿತಾ? ಬೀಜ ಕೊರೆದ ಓಣಿಯ ಕೊನೆಗೆ
ಹಾಲು ಸಿಡಿದಂತೆ, ರವೆಗಿಂತ ಸಣ್ಣದು.
ಇದನ್ನು ಸೊನ್ನೆ ಅಂದುಕೋ,
ಅಂ ಬರೆಯುವಾಗ ಅ-ದ ಪಕ್ಕ ಕೂರುತ್ತಲ್ಲ, ಅದೇ.
ಒಂಟಿಯಾಗಿ ಅದಕ್ಕೆ ದನಿಯಿಲ್ಲ.

ಇದು ಮರಿಹುಳು. ಕಾಲಿಲ್ಲ, ತಲೆ ಮಾತ್ರ ಕಂದು.
ಬಾಗಿ ಮಲಗಿದೆ, ಕು-ವಿನ ಕೊಂಬಿನ ಹಾಗೆ.
ಜನವರಿಯಲ್ಲಿ ನಾನು
ಮೂಟೆಗೆ ಇಷ್ಟು ಕಿಲೋ ಕಡಿಮೆ ಅಂತ ಬರೆಯುವುದು
ಈ ಕೊಂಬು ತಿಂದದ್ದನ್ನು.

ಕೋಶ ಕಂಡರೆ ಮೊದಲು ಸತ್ತಿದೆ ಅನ್ನಿಸುತ್ತದೆ.
ಬಿಳಿ. ಮಿಸುಕಾಡುವುದಿಲ್ಲ. ಉಸಿರು ಹಿಡಿದು ನೋಡು:
ಮಡಚಿದ ರೆಕ್ಕೆಯ ಗುರುತು, ಚುಕ್ಕಿ ಕಣ್ಣು.
ಬಾಯಿಗೆ ಬಂದು ಇನ್ನೂ ಹೊರಡದ ಮಾತು.

ದುಂಬಿಯನ್ನು ಯಾರೂ ತೋರಿಸಬೇಕಾಗಿಲ್ಲ.
ಕಪ್ಪು. ವಾಕ್ಯದ ಕೊನೆಯ ಚುಕ್ಕಿ.
ಆದರೆ ಈ ಚುಕ್ಕಿ ಹಾರುತ್ತದೆ,
ಪಕ್ಕದ ಗಿಡದಲ್ಲಿ ಹೊಸ ವಾಕ್ಯ ಶುರುಮಾಡುತ್ತದೆ.
ಹೊಕ್ಕುಳಲ್ಲಿ ಅರ್ಧ ಹೊರಗಿರುವಾಗಲೇ ಹಿಡಿಯಬೇಕು,
ಒಳಹೊಕ್ಕಿತೋ, ಔಷಧಿ ಬಾಗಿಲಲ್ಲಿ ನಿಂತ ನೆಂಟ.

ಮೊಯ್ನಾ ಮಾತಾಡಲಿಲ್ಲ.
ಹನ್ನೆರಡು ಕಾಯಿ, ಇಪ್ಪತ್ತು, ಮೂವತ್ತೊಂದು.
ಅವಳ ಕಣ್ಣಿಗೆ ಲೆನ್ಸೂ ಬೇಡ.
ಪೋಕ್, ಅನ್ನುತ್ತಾಳೆ ತನ್ನ ಅಸ್ಸಾಮಿನ ಮಾತಲ್ಲಿ, ಪ್ರತಿಯೊಂದಕ್ಕೂ,
ಗೆರೆ ಎಳೆಯುತ್ತಾಳೆ, ಐದಕ್ಕೊಂದು ಅಡ್ಡಗೆರೆ.

ಈ ಹುಳ ಇಲ್ಲಿಯದಾ, ಕೇಳಿದಳು.
ಅಲ್ಲ. ಯಾವ ಮೂಟೆಯಲ್ಲಿ ಬಂತೋ. ಮೂಲ ಆಫ್ರಿಕ.
ಕಾಫಿ?
ಅದೂ.
ನೀವು?
ನನ್ನಜ್ಜ ಮಂಜೇಶ್ವರದಿಂದ ನಡೆದು ಬಂದವನು, ಚೀಟಿ ಬರೆಯಲು.
ನಕ್ಕಳು. ಸೆರಗಿಗೆ ಬ್ಲೇಡು ಒರೆಸಿಕೊಂಡಳು.

ಐವತ್ತೇಳನೆಯ ಕಾಯಲ್ಲಿ ಕೈ ತಡೆಯಿತು.
ರೈಟರ್ ದಾದಾ, ಇದು ಎಲ್ಲಿಗೆ?
ಬೆಲ್ಲದ ಬಣ್ಣ. ರೆಕ್ಕೆ ಬಂದಿದೆ, ಕಪ್ಪು ಬಂದಿಲ್ಲ.
ಕಳಚಿದ ಸಿಪ್ಪೆ ಪಕ್ಕದಲ್ಲೇ, ಇನ್ನೂ ಮೆತ್ತಗೆ.
ದುಂಬಿಯೇ, ಅಂದೆ. ನಾಲ್ಕನೆಯದಕ್ಕೆ ಹಾಕು.
ಇದು ಹಾರಿಲ್ಲ.
ಹಾರದಿದ್ದರೂ.
ಹಾಕಲಿಲ್ಲ ಅವಳು. ಹಾಳೆಯ ಅಂಚಿನಲ್ಲಿ, ಕೆಂಪು ಗೀಟಿನ ಆಚೆ,
ಒಂದು ಗೆರೆ ಎಳೆದಳು.
ನೂರು ಮುಗಿಯುವಾಗ ಅಲ್ಲಿ ಒಂಬತ್ತು ಗೆರೆ.

ಗಂಡಿನ ವಿಷಯ ಆಮೇಲೆ ಹೇಳಿದೆ: ಹತ್ತಕ್ಕೆ ಒಂದು,
ಹಾರಲಾಗದ್ದು, ಹುಟ್ಟಿದ ಕಾಯಲ್ಲೇ ಸಾಯುವುದು.
ಅದಕ್ಕೆ ಕಾಲಂ ಇಲ್ಲವಾ?
ಇಲ್ಲ.

ಸಂಜೆ ಲೈನ್‌ ಮನೆಗಳ ಹಿಂದೆ ಹಂಡೆಯಲ್ಲಿ ನೀರು ಕುದಿಯಿತು.
ಸೀಳಿದ್ದು, ಸೀಳದ್ದು, ಎಲ್ಲ ಸುರಿದೆವು.
ಸೊನ್ನೆ, ಕೊಂಬು, ಆಡದ ಮಾತು, ಚುಕ್ಕಿ.
ಕಾಫಿಯ ವಾಸನೆ ಎದ್ದಿತು, ಕುಡಿಯುವ ಕಾಫಿಯದಲ್ಲ.

ರಾತ್ರಿ ನಕಲು ತೆಗೆಯಲು ಕೂತೆ.
ಅಂಚಿನ ಒಂಬತ್ತನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ,
ಸೇರಿಸಿದರೆ ಸಾಹುಕಾರರು ಕೇಳುತ್ತಾರೆ.
ಕನ್ನಡಕ ಒರೆಸಿ, ಸ್ಕೇಲಿಟ್ಟು, ಐದನೆಯ ಕಾಲಂ ಎಳೆದೆ.
ಅದರ ತಲೆಯ ಮೇಲೆ ಏನು ಬರೆಯುವುದೋ ಹೊಳೆಯಲಿಲ್ಲ.
ಬೆಳಿಗ್ಗೆ ಅವಳನ್ನೇ ಕೇಳಬೇಕು,
ಅವಳೂರಲ್ಲಿ ಆ ಬಣ್ಣಕ್ಕೆ ಏನನ್ನುತ್ತಾರೆ.